ಮೂರನೇ ಕ್ಲಾಸಿನ ಮಗನಿಗೆ ಸ್ಕೂಲಲ್ಲಿ ಮ್ಯಾಪ್ ಗ್ರೋತ್ ಅನ್ನೋ ಕಂಪ್ಯೂಟರ್ ಪರೀಕ್ಷೆ ಇದೆ. ಯಾವ ಪುಸ್ತಕ ತರಲಿ? ಟ್ಯೂಷನ್ ಹಾಕಲಾ?

ಪುಸ್ತಕವೂ ಬೇಡ, ಟ್ಯೂಷನ್ನೂ ಬೇಡ. ನಾನೂ ಇದೇ ದಾವಣಗೆರೆಯಲ್ಲಿ ಅಂಗಡಿ ಅಂಗಡಿ ಸುತ್ತಿ ವರ್ಕ್‌ಬುಕ್ ಹುಡುಕಿದವನು. ಮಗಳ ಗಣಿತದ ರಿಟ್ ಅಂಕ (ಈ ಪರೀಕ್ಷೆಯ ಅಂಕಕ್ಕೆ ಹಾಗಂತಾರೆ) 196 ಇದ್ದದ್ದು 187ಕ್ಕೆ ಇಳಿಯಿತು. ಪುಸ್ತಕ ಸಿಗದೆ ಅಲ್ಲ, ನಾನು ಹೇಳಿಕೊಟ್ಟ ಒಂದು ಮಾತಿನಿಂದ.

"ಬರದೇ ಇದ್ದದ್ದನ್ನ ಬಿಟ್ಟು ಮುಂದೆ ಹೋಗು, ಕೊನೇಲಿ ವಾಪಸ್ ಬಂದು ಮಾಡು" ಅಂದಿದ್ದೆ. ನಾವೆಲ್ಲ ಎಸ್ಸೆಸ್ಸೆಲ್ಸಿ ಬರೆದದ್ದೇ ಹಾಗೆ. ಈ ಪರೀಕ್ಷೆಯಲ್ಲಿ ಅದು ನಡೆಯಲ್ಲ. ಉತ್ತರ ಒತ್ತದೆ ಮುಂದಿನ ಪ್ರಶ್ನೆ ಬರಲ್ಲ, ಒತ್ತಿದ ಮೇಲೆ ಹಿಂದಿನದು ಸಿಗಲ್ಲ. ಯಾಕಂದ್ರೆ ಪ್ರಶ್ನೆಪತ್ರಿಕೆ ಅಂತ ಮೊದಲೇ ತಯಾರಾಗಿ ಇರೋದೇ ಇಲ್ಲ. ಸರಿ ಮಾಡಿದರೆ ಕಂಪ್ಯೂಟರ್ ಇನ್ನೂ ಕಷ್ಟದ್ದನ್ನ ಆರಿಸಿ ಕೊಡುತ್ತೆ, ತಪ್ಪಿದರೆ ಸುಲಭದ್ದು. ಇವಳು ಉದ್ದದ ಲೆಕ್ಕ ಕಂಡಾಗಲೆಲ್ಲ, ಆಮೇಲೆ ನೋಡೋಣ ಅಂತ ಯಾವುದೋ ಒಂದನ್ನ ಒತ್ತಿ ದಾಟಿದ್ದಾಳೆ. "ಬಿಟ್ಟಿದ್ದೇನೆ" ಅನ್ನೋದು ಅದಕ್ಕೆ ತಿಳಿಯಲ್ಲ, ತಪ್ಪು ಅಂತ ಮಾತ್ರ ತಿಳಿಯುತ್ತೆ. ಸುಲಭದ ಪ್ರಶ್ನೆಗಳೇ ಬರ್ತಾ ಹೋದವು. ಅವನ್ನ ಸರಿ ಮಾಡಿದರೂ, ಕಷ್ಟದ್ದು ಬಂದಾಗಲೆಲ್ಲ ಹೀಗೇ ದಾಟಿದರೆ ಅಂಕ ಮೇಲೇರೋದು ಕಷ್ಟ.

"ಅಪ್ಪಾ, ವಾಪಸ್ ಹೋಗೋ ಬಟನ್ನೇ ಇರ್ಲಿಲ್ಲ" ಅಂದಳು ಸಂಜೆ. ಬಿಟ್ಟ ಲೆಕ್ಕಗಳಲ್ಲಿ ಅವಳಿಗೆ ನೆನಪಿದ್ದದ್ದು 302ರಲ್ಲಿ 178 ಕಳೆಯೋದು. ಮನೇಲಿ ನೋಟ್‌ಬುಕ್ ಕೊಟ್ಟೆ. ಸೊನ್ನೆಯ ಮೇಲೆ ಒಂಬತ್ತು ಬರೆದುಕೊಂಡು, ದಶಕ ತಂದು, ತಡವರಿಸದೆ 124 ಅಂತ ಬರೆದಳು.

ಹಾಗಾಗಿ ಮಗನಿಗೆ ಮೊದಲು ಹೇಳಬೇಕಾದ್ದು: ಟೈಮಿನ ಮಿತಿ ಇಲ್ಲ, ಸುಮಾರು ನಲವತ್ತು ಪ್ರಶ್ನೆ, ಒಂದೊಂದನ್ನೂ ಅಲ್ಲೇ ಮುಗಿಸು. ನಿಜವಾಗಿ ಬರದಿದ್ದರೆ, ಖಂಡಿತ ಅಲ್ಲ ಅನಿಸಿದ ಆಯ್ಕೆಗಳನ್ನ ತೆಗೆದು, ಉಳಿದದ್ದರಲ್ಲಿ ಒಂದನ್ನ ಒತ್ತು. ಓದದೆ ಪಟಪಟ ಒತ್ತಿದರೆ ವ್ಯವಸ್ಥೆ ಅದನ್ನ ಗುರುತಿಸುತ್ತೆ, ಮೇಲ್ವಿಚಾರಕರಿಗೆ ಸೂಚನೆಯೂ ಹೋಗುತ್ತೆ. ಅರ್ಧದಷ್ಟು ತಪ್ಪಾಗೋದು ಇಲ್ಲಿ ಸಹಜ ಅಂತಲೂ ಮೊದಲೇ ಹೇಳಿ. ಯೂನಿಟ್ ಟೆಸ್ಟಲ್ಲಿ 25ಕ್ಕೆ 24 ತರೋ ಮಕ್ಕಳೇ ಇಲ್ಲಿ ಕಂಗಾಲಾಗೋದು.

ಮನೇಲಿ ದಿನಾ ಹದಿನೈದು ನಿಮಿಷ ಸಾಕು. ಲ್ಯಾಪ್‌ಟಾಪ್ ಪರದೆ ಮೇಲೆ ನಾಲ್ಕೈದು ಲೆಕ್ಕ ಹಾಕಿ, ಪಕ್ಕದಲ್ಲಿ ಹಾಳೆ ಇಡಿ. ಪರದೆ ನೋಡಿ ಸಂಖ್ಯೆಗಳನ್ನ ಸ್ಥಾನ ತಪ್ಪದೆ ಇಳಿಸಿಕೊಳ್ಳೋದೇ ಮಕ್ಕಳಿಗೆ ಅಭ್ಯಾಸ ಇರಲ್ಲ. ಬಾಯಲ್ಲೇ ಮಾಡಿ ತಪ್ಪುತ್ತಾರೆ. ಮೌಸಲ್ಲಿ ಎಳೆದು ಜಾಗಕ್ಕೆ ಕೂರಿಸೋದನ್ನೂ ಕಲಿಸಿ. ಪರೀಕ್ಷೆ ನಡೆಸೋ ಎನ್‌ಡಬ್ಲ್ಯೂಇಎ ಸಂಸ್ಥೆಯದೇ ಉಚಿತ ಅಭ್ಯಾಸ ಪರೀಕ್ಷೆ ಇದೆ, ಅದಿರೋದು ಪರದೆ ಪರಿಚಯಕ್ಕೆ ಮಾತ್ರ.

ಇನ್ನೊಂದು, ನಮ್ಮ ಕಡೆ ಮಕ್ಕಳಿಗೆ ಹೆಚ್ಚು ಬೇಕಾದ್ದು. ಇಂಗ್ಲಿಷಿನ ವಾಕ್ಯದ ಲೆಕ್ಕ ತಪ್ಪಿದರೆ ಅದನ್ನೇ ಕನ್ನಡದಲ್ಲಿ ಕೇಳಿ ನೋಡಿ: "ನಿನ್ನ ಹತ್ರ 45 ರೂಪಾಯಿ, ತಂಗಿ ಹತ್ರ 28. ನಿನ್ನ ಹತ್ರ ಎಷ್ಟು ಜಾಸ್ತಿ?" ತಕ್ಷಣ 17 ಅಂದರೆ ಗಣಿತ ಬರುತ್ತೆ, "ಹೌ ಮೆನಿ ಮೋರ್" ಅನ್ನೋದು ಬರಲ್ಲ. ಕೂಡೋ ಲೆಕ್ಕ ಅಂದ್ಕೊಂಡು 73 ಅನ್ನೋ ಮಕ್ಕಳೇ ಜಾಸ್ತಿ.

ರಿಟ್ ಅಂದರೆ ಶೇಕಡಾವಾರು ಅಲ್ಲ. ಮೂರು ಅಂಕ ಆಚೆ ಈಚೆ ಆದರೆ ಬೈಯಬೇಡಿ, ಅಷ್ಟು ಅಳತೆಯ ವ್ಯತ್ಯಾಸವೇ ಇರುತ್ತೆ. ವರದಿ ಬಂದಾಗ ಸಂಖ್ಯೆ, ಅಳತೆ, ರೇಖಾಗಣಿತ ಹೀಗೆ ವಿಭಾಗವಾರು ಅಂಕವನ್ನ ಟೀಚರ್ ಹತ್ರ ಕೇಳಿ ತಗೊಳ್ಳಿ. ಮುಂದಿನ ಸಲಕ್ಕೆ ಏನು ಓದಿಸಬೇಕು ಅನ್ನೋದು ಅಲ್ಲಿರುತ್ತೆ.