ವಿಷ ಯಾವಾಗ ತಯಾರಾಗುತ್ತದೆ?

ಪ್ರಿಯ ಓದುಗರೇ,

ಆಹಾರ ಕೆಟ್ಟು ಹೊಟ್ಟೆ ಕೆಡುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಬರಹ ಓದಿ ನೀವು ಕೇಳಿದ್ದೀರಿ: “ಬ್ಯಾಕ್ಟೀರಿಯಾ ಯಾವಾಗಲೂ ವಿಷ ಉಗುಳುತ್ತಲೇ ಇರುತ್ತದಾ? ಬೇಯಿಸಿದ ಮಾಂಸದಲ್ಲಿ ಅದು ಉಳಿಯುವುದಾದರೂ ಹೇಗೆ?”

ಮೊದಲು ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಮಾಂಸದಲ್ಲೇ ವಿಷ ತುಂಬಿಡುತ್ತದೆ ಎಂದು ಆ ಬರಹದಲ್ಲಿ ಅಚ್ಚಾಗಿತ್ತು. ಹಾಗಲ್ಲ. ತಿದ್ದುವ ಹೊಣೆ ನನ್ನದಾಗಿತ್ತು.

ಈ ಬ್ಯಾಕ್ಟೀರಿಯಾ ಕಷ್ಟಕಾಲ ಕಳೆಯಲು ತಾಳುವ ನಿದ್ದೆಯ ರೂಪವೇ ಬೀಜಕ (ಸ್ಪೋರ್). ಅದಕ್ಕೆ ಗಟ್ಟಿ ಕವಚವಿದೆ, ಅಡುಗೆಯ ಬಿಸಿಗೂ ಅದು ಜಗ್ಗುವುದಿಲ್ಲ. ಬೆಂದ ಮಾಂಸ ನಿಧಾನವಾಗಿ ಆರುವಾಗ ಮೊಳೆಯುತ್ತದೆ. 43ರಿಂದ 47 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 10 ನಿಮಿಷಕ್ಕೆ ಒಂದು ಎರಡಾಗುತ್ತದೆ. ಆದರೆ ಹೀಗೆ ಹೆಚ್ಚುವಾಗ ಭೇದಿ ತರುವ ವಿಷದ ಜೀನ್ ಸುಮ್ನೆ ಇರುತ್ತದೆ.

ಯಾಕೆಂದರೆ ಯಾವ ಜೀನ್ ಓದಬೇಕೆಂದು ಕೋಶಕ್ಕೆ ತೋರಿಸುವುದು ಸಿಗ್ಮಾ ಎಂಬ ಪ್ರೋಟೀನ್‌ಗಳು. ಬೆಳೆಯುವಾಗಿನ ಸಿಗ್ಮಾ ಬೇರೆ, ಬೀಜಕ ಕಟ್ಟುವಾಗಿನದು ಬೇರೆ. ಈ ವಿಷದ ಜೀನ್‌ಗೆ ಬೇಕಾದದ್ದು ಸಿಗ್ಮಾ-ಇ ಮತ್ತು ಸಿಗ್ಮಾ-ಕೆ. ಎರಡೂ ಬೀಜಕದ ಕೆಲಸದವು. ಅವು ಬರಬೇಕಾದರೆ ಮೊದಲು ಸ್ಪೋ0ಎ ಎಂಬ ಪ್ರೋಟೀನ್ ಚುರುಕಾಗಬೇಕು.

ನಾವು ತಿಂದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಜಠರದ ಆಮ್ಲದಲ್ಲಿ ಸಾಯುತ್ತವೆ. ಉಳಿದವು ಸಣ್ಣ ಕರುಳಲ್ಲಿ ಬೀಜಕ ಕಟ್ಟಲು ತೊಡಗುತ್ತವೆ. ಆಗ ತಾಯಿಕೋಶದೊಳಗೆ, ಅಂದರೆ ತನ್ನೊಳಗೆ ಬೀಜಕ ಕಟ್ಟುವ ಕೋಶದಲ್ಲಿ, ವಿಷ ಸೇರುತ್ತಾ ಹೋಗುತ್ತದೆ. ನನಗೆ ತುಂಬಾ ಅಚ್ಚರಿ ತಂದದ್ದು ಮುಂದಿನದು. ವಿಷವನ್ನು ಹೊರಗೆ ಸಾಗಿಸುವ ದಾರಿ ಆ ಕೋಶಕ್ಕಿಲ್ಲ. ಬೀಜಕ ಬಲಿತು ತಾಯಿಕೋಶ ಒಡೆದು ಸಾಯುವಾಗಲೇ ಬೀಜಕವೂ ವಿಷವೂ ಒಟ್ಟಿಗೆ ಹೊರಬೀಳುತ್ತವೆ. ಊಟವಾದ 6ರಿಂದ 24 ಗಂಟೆಯ ಮೇಲೆ ಹೊಟ್ಟೆನೋವು ಶುರುವಾಗುವುದು ಇದಕ್ಕೇ.

ಎಲ್ಲ ವಿಷಕ್ಕೂ ಇದೇ ನಿಯಮ ಅಲ್ಲ. ಇದೇ ಬ್ಯಾಕ್ಟೀರಿಯಾದ ಆಲ್ಫಾ ವಿಷ, ಗಾಯದ ಮಾಂಸ ಕೊಳೆಸುವ ಗ್ಯಾಸ್ ಗ್ಯಾಂಗ್ರೀನ್‌ಗೆ ಕಾರಣವಾಗುವಂಥದ್ದು, ಬೆಳೆಯುವಾಗಲೇ ಹೊರಬರುತ್ತದೆ. ಇನ್ನು ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್‌ನಲ್ಲಿ ವಿಷಕ್ಕೆಂದೇ ಟಿಸಿಡಿಆರ್ ಎಂಬ ಬೇರೆ ಸಿಗ್ಮಾ ಇದೆ. ಆಹಾರ ಸಾಕಷ್ಟಿರುವಾಗ ಕೋಡ್‌ವೈ ಎಂಬ ಪ್ರೋಟೀನ್ ಅದನ್ನು ತಡೆದಿಡುತ್ತದೆ. ಆಹಾರ ಕಡಿಮೆಯಾದರೆ ತಡೆ ಸಡಿಲ. ಹಸಿವೇ ಇಲ್ಲಿ ಸೂಚನೆ ಅಲ್ವಾ?

ಹಾಗಾಗಿ ಬೆಂದ ಮಾಂಸವನ್ನು ಚಿಕ್ಕ ಚಿಕ್ಕ ಪಾತ್ರೆಗೆ ಹಂಚಿ ಬೇಗ ತಣ್ಣಗಾಗಿಸಿ ಫ್ರಿಜ್‌ನಲ್ಲಿಡಿ. ಮತ್ತೆ ತಿನ್ನುವಾಗ ಒಳಗಿನವರೆಗೂ ಚೆನ್ನಾಗಿ ಬಿಸಿ ಮಾಡಿ. ಬೆಳೆದ ಕೋಶಗಳು ಸಾಯುತ್ತವೆ. ಬೀಜಕಗಳು ಮಾತ್ರ ಉಳಿಯುತ್ತವೆ, ಆದ್ದರಿಂದ ಬಿಸಿ ಮಾಡಿದ್ದನ್ನು ಮತ್ತೆ ಹೊರಗೆ ಬಿಡಬೇಡಿ.

– ಸಂಪಾದಕ