ಆ ಪಿಯಾನೊ ಕಮೀಲ್ ಹೋವರ್ಡ್ ಅವರದು

ಅಮೆರಿಕದ ಗಾಯಕ, ಡ್ರಮ್ ವಾದಕ ರಾಯ್ ಮಿಲ್ಟನ್ ಅವರ ‘ಆರ್. ಎಂ. ಬ್ಲೂಸ್’ ಹಾಡಿನಲ್ಲಿ ಪಿಯಾನೊ ನುಡಿಸಿದವರು ಯಾರೆಂದು ಕೇಳಿದ್ದೀರಿ. ಅವರು ಕಮೀಲ್ ಹೋವರ್ಡ್, 1914ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಹುಟ್ಟಿದವರು. ಮಿಲ್ಟನ್ ಅವರ ತಂಡದ ಬೆನ್ನೆಲುಬೇ ಈಕೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೂ ರಿದಮ್ ಆ್ಯಂಡ್ ಬ್ಲೂಸ್ ಎಂಬ ಆಫ್ರಿಕನ್-ಅಮೆರಿಕನ್ ಸಂಗೀತ ಪ್ರಕಾರದ ಚರಿತ್ರೆ ಹೇಳುವವರು ಇವರ ಹೆಸರನ್ನು ಹಾರಿಸಿಬಿಡುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಇಷ್ಟವಾಗಿದ್ದರೆ ಅವರದೇ ಪಿಯಾನೊ ಕೃತಿ ‘ಎಕ್ಸ್‌ಟೆಂಪೊರೇನಿಯಸ್ ಬೂಗಿ’ಯನ್ನು ತಪ್ಪದೆ ಕೇಳಿ. ಅಮೆರಿಕದ ಸಂಗೀತಗಾರರ ಸಂಘದ ಧ್ವನಿಮುದ್ರಣ ಮುಷ್ಕರ 1948ರ ಜನವರಿ 1ರಂದು ಶುರುವಾಗಲಿತ್ತು. ಹಿಂದಿನ ದಿನವೇ ಸ್ಪೆಷಾಲ್ಟಿ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ಇದನ್ನು ನುಡಿಸಿದರು. ಮೊದಲು ಎಡಗೈಯನ್ನಷ್ಟೇ ಗಮನಿಸಿ: ಒಂದೇ ಮಂದ್ರದ ವರಸೆ ಬಿಡುವಿಲ್ಲದೆ ಉರುಳುತ್ತಿರುತ್ತದೆ, ಬಲಗೈ ಅದರ ಮೇಲೆ ಮನಬಂದಂತೆ ಓಡಾಡುತ್ತದೆ. ಎಷ್ಟು ವೇಗವಿದ್ದರೂ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ.