2ರ 67ನೇ ಘಾತ ಎಕ್ಸೆಲ್‌ನಲ್ಲಿ ಸೊನ್ನೆಯಲ್ಲಿ ಮುಗಿಯುವುದು ಯಾಕೆ?

2ರ 67ನೇ ಘಾತದಲ್ಲಿ 1 ಕಳೆದರೆ ಬರುವ ಸಂಖ್ಯೆ ಅವಿಭಾಜ್ಯವೇ ಅಂತ ನೋಡಲು ಹೋದರೆ ಉತ್ತರ ಸೊನ್ನೆಗಳಲ್ಲಿ ಮುಗಿಯುತ್ತದೆ ಅಂದಿರಲ್ಲ, ತೊಂದರೆ ನಿಮ್ಮ ಲೆಕ್ಕದ್ದಲ್ಲ, ಬಹುಶಃ ಎಕ್ಸೆಲ್‌ನದ್ದು. ಅದು 15 ಅಂಕಿಗಳನ್ನಷ್ಟೇ ಸರಿಯಾಗಿ ತೋರಿಸುತ್ತದೆ, ಮುಂದಕ್ಕೆ ಸುಮ್ನೆ ಸೊನ್ನೆ ತುಂಬುತ್ತದೆ. 2ರ 67ನೇ ಘಾತದಲ್ಲಿ 1 ಕಳೆದಾಗ ನಿಮಗೆ ಕಂಡದ್ದು 147573952589676000000. ನಿಜವಾದ ಉತ್ತರ 147573952589676412927. ಬೆಸ ಸಂಖ್ಯೆ ಸೊನ್ನೆಯಲ್ಲಿ ಮುಗಿಯಲು ಸಾಧ್ಯವೇ ಇಲ್ಲ ಅಲ್ವಾ!

ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತೆರೆಯಿರಿ. ಅದರಲ್ಲಿ ಪೂರ್ಣಾಂಕ ಎಷ್ಟು ಉದ್ದವಿದ್ದರೂ ಅಂಕಿ ಕಳೆದುಹೋಗುವುದಿಲ್ಲ. ಘಾತಕ್ಕೆ ಎರಡು ನಕ್ಷತ್ರ ಹಾಕಿ: 2**67-1. ಎಕ್ಸೆಲ್ ಅಭ್ಯಾಸದಲ್ಲಿ 2^67-1 ಅಂತ ಬರೆದರೆ 64 ಬರುತ್ತದೆ. ಅಲ್ಲಿ ಆ ಚಿಹ್ನೆಯ ಕೆಲಸವೇ ಬೇರೆ, ನಾನೂ ಒಮ್ಮೆ ಇದರಲ್ಲೇ ಸಿಕ್ಕಿಕೊಂಡಿದ್ದೆ.

ಆಮೇಲೆ ಇದನ್ನು ಹಾಕಿ ನೋಡಿ (ಇಲ್ಲಿ % ಅಂದರೆ ಭಾಗಿಸಿದಾಗ ಉಳಿಯುವ ಶೇಷ):

(2**67-1) % 193707721

ಉತ್ತರ 0 ಬಂದರೆ ಶೇಷವಿಲ್ಲ ಅಂತ, ಅಂದರೆ ಇದು ಅವಿಭಾಜ್ಯ ಅಲ್ಲ. ಇನ್ನೊಂದು ಅಪವರ್ತನ ಬೇಕಾದರೆ % ಬದಲು // ಹಾಕಿ, 761838257287 ಸಿಗುತ್ತದೆ. ಒಂದೇ / ಬೇಡ, ದಶಮಾಂಶಕ್ಕೆ ತಿರುಗುತ್ತದೆ, ಉತ್ತರ ಇನ್ನೂ ಉದ್ದವಿದ್ದರೆ ಮತ್ತೆ ಅದೇ ಅಂಕಿ ಕೊರತೆಯ ಗೋಳು. 1903ರಲ್ಲಿ ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಈ ಎರಡನ್ನೂ ಕಂಪ್ಯೂಟರ್ ಇಲ್ಲದೆಯೇ ಕಂಡುಹಿಡಿದಿದ್ದರು!

ನೀವು ಬಳಸಿದ್ದು ಮೊಬೈಲ್ ಕ್ಯಾಲ್ಕುಲೇಟರ್ ಆಗಿದ್ದರೆ ಅಂಕಿಗಳ ಮಿತಿ ಬೇರೆ ಇರಬಹುದು. ಪರೀಕ್ಷೆ ಮಾತ್ರ ಇದೇ.